ತಂಗಿಗೆ ಇಮ್ಯೂನಿಟಿ ಜಾಸ್ತಿ, ಮಾವನಿಗೆ ಕಡಿಮೆ: ಹಾಗಂದ್ರೆ ಏನು?

ಪ್ರಶ್ನೆ: ನಾವು ಗದಗಿನವರು. ನನ್ನ ತಂಗಿಗೆ ರುಮಟಾಯ್ಡ್ ಸಂಧಿವಾತ ಇದೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ತಗೊಳ್ತಾಳೆ. "ನಿಮ್ಮ ಇಮ್ಯೂನಿಟಿ ಜಾಸ್ತಿಯಾಗಿ ನಿಮ್ಮ ಕೀಲನ್ನೇ ತಿಂತಿದೆ" ಅಂತ ಅವಳ ಡಾಕ್ಟರು ಹೇಳಿದ್ದಾರೆ. ನಮ್ಮ ಮಾವನವರಿಗೆ ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಆಗಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿತ್ತು, ಈಗ ಮತ್ತೆ ಗಡ್ಡೆ ಬಂದಿದೆ. ಅವರ ಡಾಕ್ಟರು "ಗಡ್ಡೆಯೇ ಇಮ್ಯೂನಿಟಿಯನ್ನು ಅದುಮಿ ಇಟ್ಟಿದೆ, ಹಾಗೆ ಅದುಮುವ ಕೋಶಗಳೇ ಇರ್ತವೆ" ಅಂದರು. ಮನೆಯಲ್ಲಿ ಇಬ್ಬರಿಗೂ ಅಮೃತಬಳ್ಳಿ ಕಷಾಯ ಕೊಡ್ತಿದ್ದೀವಿ. ಆ ಕೋಶಗಳು ಅಂದ್ರೆ ಏನು? ತಂಗಿಗೆ ಅವನ್ನು ಹೆಚ್ಚಿಸಿ, ಮಾವನಿಗೆ ಕಡಿಮೆ ಮಾಡೋಕೆ ಆಗಲ್ವಾ? ಅದಕ್ಕೆ ರಕ್ತದ ಟೆಸ್ಟ್ ಇದೆಯಾ?

ಉತ್ತರ: ಮೊದಲು ಕಷಾಯದ ಮಾತು ಮುಗಿಸಿಬಿಡೋಣ, ಯಾಕಂದ್ರೆ ಅದು ಇವತ್ತೇ ತೀರ್ಮಾನ ಆಗಬೇಕಾದದ್ದು. ತಂಗಿಗೆ ಅಮೃತಬಳ್ಳಿ ಕೊಡುವುದನ್ನು ನಿಲ್ಲಿಸಿ. 2021ರಲ್ಲಿ ಮುಂಬೈನ ಲಿವರ್ ತಜ್ಞರು ಅಮೃತಬಳ್ಳಿ ಸೇವಿಸಿದ್ದ ಆರು ಜನರ ಲಿವರ್ ಕೆಟ್ಟದ್ದನ್ನು ವರದಿ ಮಾಡಿದರು. ಮರುವರ್ಷ ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವಿವರ ಬಂತು. ಇವರಲ್ಲಿ ಹಲವರ ಲಿವರ್ ಮೇಲೆ ಅವರದೇ ರೋಗನಿರೋಧಕ ಕೋಶಗಳು ಬಿದ್ದಿದ್ದ ಲಕ್ಷಣ ಇತ್ತು. ಆಯುಷ್ ಸಚಿವಾಲಯ ಈ ತೀರ್ಮಾನವನ್ನು ಒಪ್ಪಲಿಲ್ಲ, ನಿಜ. ಆದರೆ ನಿಮ್ಮ ತಂಗಿಗೆ ದೇಹ ತನ್ನ ಮೇಲೆ ತಾನೇ ಬೀಳುವ ಕಾಯಿಲೆ ಆಗಲೇ ಇದೆ, ಮೇಲಾಗಿ ಅವಳು ನುಂಗುವ ಮೆಥೋಟ್ರೆಕ್ಸೇಟ್ ಕೂಡ ಲಿವರ್ ಮೇಲೆ ಕಣ್ಣಿಟ್ಟು ಕೊಡಬೇಕಾದ ಔಷಧ. ಎರಡೂ ಒಟ್ಟಿಗೆ ಬೇಡ. ಇಷ್ಟು ದಿನ ಕೊಟ್ಟಿದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಲಿವರ್ ಟೆಸ್ಟ್ ಮಾಡಿಸಿ. ಮಾವನವರ ಡಾಕ್ಟರಿಗೂ ಹೇಳಿ.

ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ. ಅದು ವಾರಕ್ಕೆ ಒಂದೇ ದಿನ, ಯಾವತ್ತೂ ವಾರದ ಅದೇ ದಿನ. ಗೊತ್ತಿಲ್ಲದೆ ದಿನಾಲೂ ನುಂಗಿ ಬಾಯಿಯೆಲ್ಲ ಹುಣ್ಣಾಗಿ, ಬಿಳಿ ರಕ್ತಕಣ ಕುಸಿದು ಆಸ್ಪತ್ರೆ ಸೇರುವವರಿದ್ದಾರೆ. ಜೀವಕ್ಕೇ ಅಪಾಯ ಅದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಇನ್ನು ಅದುಮುವ ಕೋಶಗಳ ವಿಷಯ. ನಿಮ್ಮ ಇಬ್ಬರೂ ಡಾಕ್ಟರು ಹೇಳಿದ್ದು ಸರಿಯೇ. ಆದರೆ 'ಜಾಸ್ತಿ', 'ಕಡಿಮೆ' ಅಂತ ಎರಡು ಮಾತಿನಲ್ಲಿ ಹೇಳಿದಾಗ ಇಮ್ಯೂನಿಟಿಗೆ ಇಡೀ ದೇಹಕ್ಕೆ ಒಂದೇ ಅಳತೆ ಇದೆ ಅನ್ನಿಸಿಬಿಡುತ್ತದೆ. ಹಾಗಿಲ್ಲ. ನಿಮ್ಮ ತಂಗಿಗೆ ನೆಗಡಿ, ಜ್ವರ ಬರುತ್ತದೆ ಅಲ್ವಾ? ನಿಜಕ್ಕೂ ಇಮ್ಯೂನಿಟಿ ಜಾಸ್ತಿ ಇದ್ದಿದ್ದರೆ ಬರಬಾರದಿತ್ತು. ಮಾವನವರಿಗೆ ಆಪರೇಷನ್ ಗಾಯ ಮಾಯಿತು, ಹೊಲಿಗೆ ಬಿಚ್ಚಿದರು. ಇಮ್ಯೂನಿಟಿ ಸತ್ತೇ ಹೋಗಿದ್ದರೆ ಅದು ಆಗುತ್ತಿರಲಿಲ್ಲ. ಅವಳಲ್ಲಿ ಕೆಟ್ಟಿರುವುದು ಮುಖ್ಯವಾಗಿ ಕೀಲಿನಲ್ಲಿ, ಇವರಲ್ಲಿ ಗಡ್ಡೆಯ ಒಳಗೆ ಮತ್ತು ಅದರ ಸುತ್ತಮುತ್ತ.

ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತವೆ. ನಮ್ಮದೇ ದೇಹದ ಭಾಗಗಳಿಗೆ ಬಲವಾಗಿ ಅಂಟಿಕೊಳ್ಳುವ ಟಿ ಕೋಶಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಆದರೆ ಈ ಸೋಸುವಿಕೆ ಪೂರ್ತಿ ಅಲ್ಲ, ಕೆಲವು ತಪ್ಪಿಸಿಕೊಂಡು ರಕ್ತಕ್ಕೆ ಬರುತ್ತವೆ. ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಆದರೂ ನಮಗೆಲ್ಲ ಕಾಯಿಲೆ ಬಂದಿಲ್ಲ. ಯಾಕಂದ್ರೆ ಅದೇ ಥೈಮಸ್‌ನಿಂದ ಇನ್ನೊಂದು ಬಗೆಯ ಟಿ ಕೋಶವೂ ಹೊರಡುತ್ತದೆ. ಅದರ ಕೆಲಸವೇ ಬೇರೆ ಕೋಶಗಳನ್ನು ಸುಮ್ಮನಿರಿಸುವುದು. ಇದನ್ನು ಟಿ-ರೆಗ್ ಅಂತೀವಿ. ಸಹಾಯಕ ಟಿ ಕೋಶಗಳ ಗುಂಪಿನಲ್ಲಿ ಇವು ನೂರಕ್ಕೆ ಐದರಿಂದ ಹತ್ತು ಅಷ್ಟೇ.

ಇಂಥ ಕೋಶ ಇದೆ ಅಂತ ಒಪ್ಪಿಕೊಳ್ಳಲು ವಿಜ್ಞಾನಿಗಳಿಗೇ ಬಹಳ ವರ್ಷ ಬೇಕಾಯಿತು. 1969ರಲ್ಲಿ ಜಪಾನಿನ ನಿಶಿಜುಕ, ಸಕಾಕುರ ಎಂಬಿಬ್ಬರು ಹುಟ್ಟಿ ಮೂರು ದಿನದ ಹೆಣ್ಣಿಲಿಗಳ ಥೈಮಸ್ ತೆಗೆದು ನೋಡಿದರು. ಇಮ್ಯೂನಿಟಿ ತಗ್ಗುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದದ್ದು ಉಲ್ಟಾ, ಆ ಇಲಿಗಳ ಅಂಡಾಶಯಗಳೇ ನಾಶವಾದವು. 1970ರ ಸುಮಾರಿಗೆ ಅಮೆರಿಕದ ರಿಚರ್ಡ್ ಗರ್ಶನ್ ತಡೆಯುವ ಟಿ ಕೋಶಗಳ ಮಾತು ತೆಗೆದರು, ಹತ್ತು ವರ್ಷ ಎಲ್ಲರೂ ಅದರ ಹಿಂದೆ ಬಿದ್ದರು. ಆದರೆ ಆ ಕೋಶಗಳ ಗುರುತು ಅಂತ ನಂಬಿದ್ದ ಜೀನ್ ಅದು ಇರಬೇಕಾದ ಜಾಗದಲ್ಲಿ ಇಲ್ಲವೇ ಇಲ್ಲ ಅಂತ 1980ರ ದಶಕದಲ್ಲಿ ಗೊತ್ತಾಯಿತು. ಆಮೇಲೆ ಆ ಹೆಸರೆತ್ತಲೂ ಸಂಶೋಧಕರು ಹಿಂಜರಿಯುವ ಹಾಗಾಯಿತು. ಪಟ್ಟು ಬಿಡದೆ ಉಳಿದವರು ಶಿಮೋನ್ ಸಕಾಗುಚಿ. ಮೈಮೇಲೆ ಸಿಡಿ25 ಎಂಬ ಪ್ರೋಟೀನ್ ಹೊತ್ತ ಟಿ ಕೋಶಗಳನ್ನು ಬೇರ್ಪಡಿಸಿ ತೆಗೆದರೆ ಇಲಿಗೆ ಸ್ವಂತ ಅಂಗಗಳ ಮೇಲೇ ದಾಳಿಯಾಗುತ್ತದೆ, ವಾಪಸ್ ಕೊಟ್ಟರೆ ಅದು ನಿಲ್ಲುತ್ತದೆ ಅಂತ 1995ರಲ್ಲಿ ತೋರಿಸಿದರು.

ಇನ್ನೊಂದು ಕಡೆಯಿಂದ ಇದೇ ಜಾಗಕ್ಕೆ ಬಂದವರು ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಒಂದು ವಿಚಿತ್ರ ಇಲಿ ತಳಿ ಹುಟ್ಟಿತ್ತು. ಗಂಡುಮರಿಗಳ ಚರ್ಮ ಹೊಪ್ಪಳೆ ಏಳುತ್ತಿತ್ತು, ಗುಲ್ಮ ಊದುತ್ತಿತ್ತು, ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಅದಕ್ಕೆ ಕಾರಣವಾದ ಜೀನನ್ನು ಇವರ ತಂಡ 2001ರಲ್ಲಿ ಹಿಡಿಯಿತು. ಅದೇ ಫಾಕ್ಸ್‌ಪಿ3. ಅದೇ ಜೀನ್ ಕೆಟ್ಟ ಗಂಡುಮಕ್ಕಳೂ ಇದ್ದಾರೆ. ಹುಟ್ಟಿದ ಕೆಲವೇ ತಿಂಗಳಲ್ಲಿ ನಿಲ್ಲದ ಭೇದಿ, ಮೈತುಂಬ ಎಕ್ಸಿಮಾ, ಸಕ್ಕರೆ ಕಾಯಿಲೆ ಶುರುವಾಗುತ್ತದೆ. ಅಸ್ಥಿಮಜ್ಜೆ ಕಸಿ ಮಾಡದಿದ್ದರೆ ಬಹಳ ಮಕ್ಕಳು ಉಳಿಯುವುದಿಲ್ಲ. ಫಾಕ್ಸ್‌ಪಿ3 ಇಲ್ಲದಿದ್ದರೆ ಟಿ-ರೆಗ್ ಸರಿಯಾಗಿ ರೂಪುಗೊಳ್ಳುವುದಿಲ್ಲ ಅನ್ನೋದು 2003ರ ಹೊತ್ತಿಗೆ ಖಚಿತವಾಯಿತು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೂ ಹೋಯಿತು. ಒಂದು ಬಗೆಯ ಕೋಶ ಇಲ್ಲದಿದ್ದರೆ ಮಗು ತನ್ನ ರಕ್ಷಣಾ ವ್ಯವಸ್ಥೆಯಿಂದಲೇ ಸಾಯುತ್ತದೆ ಅಂದ ಮೇಲೆ, ಇಮ್ಯೂನಿಟಿ ಎಷ್ಟು ಹೆಚ್ಚಿದರೆ ಅಷ್ಟು ಒಳ್ಳೇದು ಅನ್ನುವ ಜಾಹೀರಾತುಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಟಿ-ರೆಗ್ ಹೇಗೆ ಅದುಮುತ್ತದೆ? ಹತ್ತಾರು ದಾರಿಗಳಿವೆ, ನಿಮ್ಮ ಮನೆಗೆ ಸಂಬಂಧಪಟ್ಟ ಮೂರನ್ನು ಹೇಳ್ತೀನಿ.

ದಾಳಿ ಮಾಡುವ ಟಿ ಕೋಶ ತಾನಾಗಿಯೇ ಕೆರಳುವುದಿಲ್ಲ. ಡೆಂಡ್ರೈಟಿಕ್ ಕೋಶ ಅಂತ ಇನ್ನೊಂದು ಇದೆ. ಅದು ರೋಗಾಣುವಿನದೋ ನಮ್ಮದೇ ದೇಹದ್ದೋ ಒಂದು ಪ್ರೋಟೀನ್ ಚೂರನ್ನು ತನ್ನ ಮೈಮೇಲೆ ಹಿಡಿದು ತೋರಿಸುತ್ತದೆ. ಅಷ್ಟು ಸಾಲದು. ಜತೆಗೆ ಸಿಡಿ80, ಸಿಡಿ86 ಎಂಬ ಎರಡು ಪ್ರೋಟೀನ್‌ಗಳನ್ನೂ ಒಡ್ಡಬೇಕು, ಟಿ ಕೋಶ ಅವನ್ನು ಮುಟ್ಟಿದಾಗ ಮಾತ್ರ ಎರಡನೇ ಸೂಚನೆ ಸಿಕ್ಕಿ ಕೆಲಸ ಶುರು. ಟಿ-ರೆಗ್ ಮಾಡುವುದೇನು? ಅದರ ಮೈಮೇಲೆ ಸಿಟಿಎಲ್ಎ-4 ಅಂತ ಒಂದು ಪ್ರೋಟೀನ್ ಇದೆ, ಸಿಡಿ80, ಸಿಡಿ86ಗಳನ್ನು ಬೇರೆ ಟಿ ಕೋಶಗಳಿಗಿಂತ ಬಹಳ ಗಟ್ಟಿಯಾಗಿ ಹಿಡಿಯುತ್ತದೆ. ಟಿ-ರೆಗ್ ಬಂದು ಡೆಂಡ್ರೈಟಿಕ್ ಕೋಶಕ್ಕೆ ಒತ್ತಿಕೊಂಡು, ಅವೆರಡನ್ನೂ ಕಿತ್ತು ತನ್ನೊಳಗೆ ಎಳೆದುಕೊಂಡು ಅರಗಿಸಿಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ, ಬಣ್ಣ ಹಚ್ಚಿದ ಸಿಡಿ86 ಒಂದು ಕೋಶದ ಮೈಯಿಂದ ಇನ್ನೊಂದರ ಹೊಟ್ಟೆಗೆ ಹೋಗುವುದು ಕಾಣುತ್ತದೆ. ಆಮೇಲೆ ಆ ಡೆಂಡ್ರೈಟಿಕ್ ಕೋಶ ಪ್ರೋಟೀನ್ ಚೂರು ತೋರಿಸುತ್ತಲೇ ಇರುತ್ತದೆ, ಆದರೆ ಎರಡನೇ ಸೂಚನೆ ಕೊಡಲು ಅದರ ಹತ್ತಿರ ಏನೂ ಉಳಿದಿರಲ್ಲ. ಬಂದ ಟಿ ಕೋಶ ಸುಮ್ನೆ ಹೋಗುತ್ತದೆ. ಸಂಧಿವಾತಕ್ಕೆ ಕೊಡುವ ಅಬಾಟಾಸೆಪ್ಟ್ ಎಂಬ ಇಂಜೆಕ್ಷನ್ ಇದೇ ಸಿಟಿಎಲ್ಎ-4ನ ಹೊರಭಾಗದಿಂದ ಮಾಡಿದ್ದು. ಅದು ಕಿತ್ತುಕೊಳ್ಳುವುದಿಲ್ಲ, ಸಿಡಿ80, 86ರ ಮೇಲೆ ಮುಚ್ಚಿಕೊಂಡು ಕೂರುತ್ತದೆ.

ಎರಡನೆಯದು ಹಸಿವಿಗೆ ಸಂಬಂಧಿಸಿದ್ದು. ಟಿ ಕೋಶಗಳು ಸಂಖ್ಯೆ ಹೆಚ್ಚಿಸಿಕೊಳ್ಳಲು ಐಎಲ್-2 ಎಂಬ ರಾಸಾಯನಿಕ ಬೇಕು. ಸಕಾಗುಚಿ ಗುರುತಿಸಿದ ಸಿಡಿ25 ಅದನ್ನು ಹಿಡಿಯುವ ಪ್ರೋಟೀನೇ. ಟಿ-ರೆಗ್ ಮೇಲೆ ಅದು ಯಾವಾಗಲೂ ದಂಡಿಯಾಗಿ ಇರುವುದರಿಂದ ಸುತ್ತಲಿನ ಐಎಲ್-2 ಎಲ್ಲ ಇದರ ಪಾಲಾಗುತ್ತದೆ.

ಮೂರನೆಯದು ನಿಮ್ಮ ತಂಗಿಯ ಮಾತ್ರೆಗೆ ನೇರವಾಗಿ ತಾಗುತ್ತದೆ. ಕೋಶಗಳು ಗಾಯಗೊಂಡಾಗ ಅವುಗಳೊಳಗೆ ಶಕ್ತಿ ಒದಗಿಸುವ ಎಟಿಪಿ ಎಂಬ ರಾಸಾಯನಿಕ ಹೊರಚೆಲ್ಲುತ್ತದೆ, ಅದು ಸುತ್ತಲಿನ ರಕ್ಷಣಾ ಕೋಶಗಳನ್ನು ಕೆರಳಿಸುತ್ತದೆ. ಟಿ-ರೆಗ್ ಮೇಲಿರುವ ಸಿಡಿ39, ಸಿಡಿ73 ಎಂಬ ಕಿಣ್ವಗಳು ಈ ಎಟಿಪಿಯನ್ನು ಕತ್ತರಿಸಿ ಅಡೆನೊಸಿನ್ ಮಾಡುತ್ತವೆ. ಅಡೆನೊಸಿನ್ ಅದೇ ಕೋಶಗಳನ್ನು ತಣಿಸುತ್ತದೆ. ಕಡಿಮೆ ಡೋಸಿನ ಮೆಥೋಟ್ರೆಕ್ಸೇಟ್ ಸಂಧಿವಾತದಲ್ಲಿ ಯಾಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇರುವ ಮುಖ್ಯ ವಿವರಣೆಗಳಲ್ಲಿ ಒಂದು, ಅದು ಅಡೆನೊಸಿನ್ ಹೆಚ್ಚಿಸುತ್ತದೆ ಅನ್ನುವುದು. ಟಿ-ರೆಗ್ ಮೇಲೆ ಸಿಡಿ39 ಕಡಿಮೆ ಇರುವ ರೋಗಿಗಳಿಗೆ ಈ ಮಾತ್ರೆ ಅಷ್ಟಾಗಿ ಹತ್ತುವುದಿಲ್ಲ ಅಂತ ತೋರಿಸಿದ ಅಧ್ಯಯನವೂ ಇದೆ. ಅಂದ್ರೆ "ಆ ಮಾತ್ರೆ ಇಮ್ಯೂನಿಟಿ ಕೊಲ್ಲುತ್ತೆ" ಅಂತ ಯಾರಾದರೂ ಅವಳನ್ನು ಹೆದರಿಸಿದರೆ ನಂಬಬೇಡಿ. ಟಿ-ರೆಗ್ ಮಾಡುವ ಕೆಲಸಕ್ಕೇ ಅದು ಒತ್ತಾಸೆ ಕೊಡುತ್ತಿರುವ ಸಾಧ್ಯತೆ ಇದೆ.

ಈಗ ತಂಗಿಯ ಕೀಲು. ಅಲ್ಲಿ ಟಿ-ರೆಗ್ ಕಡಿಮೆಯಾಗಿದೆ ಅಂತ ನೀವು ಅಂದುಕೊಂಡಿರಬಹುದು. ಊದಿದ ಮೊಣಕಾಲಿನ ನೀರು ತೆಗೆದು ಎಣಿಸಿದರೆ ರಕ್ತದಲ್ಲಿರುವುದಕ್ಕಿಂತ ಹೆಚ್ಚೇ ಇರುತ್ತವೆ! ಇದ್ದೂ ಕೆಲಸ ಆಗುತ್ತಿಲ್ಲ. ಉರಿಯೂತದಲ್ಲಿ ಸುರಿಯುವ ಟಿಎನ್ಎಫ್ ಎಂಬ ರಾಸಾಯನಿಕ ಟಿ-ರೆಗ್‌ಗಳ ಬಲ ಕುಂದಿಸುತ್ತದೆ, ದಾಳಿ ಮಾಡುವ ಕೋಶಗಳೂ ಅವುಗಳ ಮಾತು ಕೇಳದಷ್ಟು ಕೆರಳಿರುತ್ತವೆ. ಟಿಎನ್ಎಫ್ ತಡೆಯುವ ಇಂಜೆಕ್ಷನ್ ಕೊಟ್ಟ ರೋಗಿಗಳಲ್ಲಿ ಟಿ-ರೆಗ್‌ಗಳ ಅದುಮುವ ಶಕ್ತಿ ಮರಳಿದ್ದನ್ನು ಲಂಡನ್ನಿನ ತಂಡವೊಂದು 2004ರಲ್ಲಿ ವರದಿ ಮಾಡಿತು.

ಮಾವನವರ ಗಡ್ಡೆಯ ಕಥೆ ಬೇರೆ. ನಾನು ಪೆಥಾಲಜಿಯವನು, ಹುಬ್ಬಳ್ಳಿಯಲ್ಲಿ ಕೆಲಸ. ಗುಟ್ಕಾ, ತಂಬಾಕಿನಿಂದಾದ ಬಾಯಿ ಕ್ಯಾನ್ಸರಿನ ಸ್ಲೈಡು ನಮ್ಮ ಮೇಜಿನ ಮೇಲೆ ಇಲ್ಲದ ದಿನ ಕಡಿಮೆ. ಸಂಶೋಧನೆಗಾಗಿ ಫಾಕ್ಸ್‌ಪಿ3 ಬಣ್ಣ ಹಚ್ಚಿದ ಒಂದು ಸ್ಲೈಡನ್ನು ನೀವು ನೋಡಬೇಕು. ಕ್ಯಾನ್ಸರ್ ಕೋಶಗಳು ದೊಡ್ಡದಾಗಿ, ಅಂಕುಡೊಂಕಾಗಿ, ನೀಲಿ ನ್ಯೂಕ್ಲಿಯಸ್ ಹೊತ್ತು ಗುಂಪುಗುಂಪಾಗಿ ಇರುತ್ತವೆ. ಆ ಗುಂಪಿನ ಅಂಚಿನುದ್ದಕ್ಕೂ ಬಿಳಿ ರಕ್ತಕಣಗಳಾದ ಸಣ್ಣ ಲಿಂಫೋಸೈಟ್‌ಗಳ ಸಂದಣಿ. ಕಡಿಮೆ ಪವರಿನಲ್ಲಿ ನೋಡಿದವರು "ಪರವಾಗಿಲ್ಲ, ದೇಹ ಚೆನ್ನಾಗಿ ಹೋರಾಡ್ತಿದೆ" ಅಂತಾರೆ. ಪವರ್ ಹೆಚ್ಚಿಸಿದರೆ ಆ ಸಣ್ಣ ಕೋಶಗಳ ನಡುವೆ ಕಂದು ನ್ಯೂಕ್ಲಿಯಸ್‌ಗಳು ಕಾಣುತ್ತವೆ, ಕೆಲವೊಮ್ಮೆ ಕ್ಯಾನ್ಸರನ್ನು ಕೊಲ್ಲಬೇಕಾದ ಕೋಶಕ್ಕೆ ಅಂಟಿಕೊಂಡೇ. ಆ ಕಂದು ಬಣ್ಣದವು ಟಿ-ರೆಗ್. ಸಿಸಿಎಲ್22 ಎಂಬ ರಾಸಾಯನಿಕ ಗಡ್ಡೆಯಿಂದ ಹೊರಟು ಇವನ್ನು ಕರೆಸಿಕೊಳ್ಳುತ್ತದೆ ಅಂತ ಅಂಡಾಶಯದ ಕ್ಯಾನ್ಸರಿನಲ್ಲಿ 2004ರಲ್ಲಿ ತೋರಿಸಿದರು. ಅಂಥ ರೋಗಿಗಳಲ್ಲಿ ಟಿ-ರೆಗ್ ಹೆಚ್ಚಿದ್ದಷ್ಟೂ ಆಯಸ್ಸು ಕಡಿಮೆ ಇತ್ತು. ಆದರೆ ಇದನ್ನೇ ಎಲ್ಲ ಕ್ಯಾನ್ಸರಿಗೂ ಹಚ್ಚುವಂತಿಲ್ಲ. ದೊಡ್ಡ ಕರುಳಿನ, ತಲೆ-ಕುತ್ತಿಗೆಯ ಕೆಲವು ಕ್ಯಾನ್ಸರುಗಳಲ್ಲಿ ಟಿ-ರೆಗ್ ಹೆಚ್ಚಿದ್ದವರೇ ಚೆನ್ನಾಗಿದ್ದ ಅಧ್ಯಯನಗಳೂ ಇವೆ. ಹೋರಾಟ ಜೋರಾಗಿರುವ ಕಡೆಗೇ ಟಿ-ರೆಗ್ ಕೂಡ ಜಾಸ್ತಿ ಬರುವುದು ಒಂದು ಕಾರಣ ಇರಬಹುದು.

ಗಡ್ಡೆಯಲ್ಲಿ ಟಿ-ರೆಗ್ ಒಂದೇ ಅಲ್ಲ. ಅಸ್ಥಿಮಜ್ಜೆಯಿಂದ ಪೂರ್ತಿ ಬಲಿಯದೆ ಹೊರಬಿದ್ದ, ಮೈಲಾಯ್ಡ್ ಎಂಬ ಬಗೆಯ ಬಿಳಿ ರಕ್ತಕಣಗಳ ಗುಂಪೊಂದಿದೆ, ಎಂಡಿಎಸ್‌ಸಿ ಅಂತ ಕರೆಯುತ್ತೇವೆ. ಆರೋಗ್ಯವಂತರ ರಕ್ತದಲ್ಲಿ ಬಹಳ ಕಡಿಮೆ. ಕ್ಯಾನ್ಸರಿನಲ್ಲಿ, ಟಿಬಿಯಂಥ ಹಳೇ ಸೋಂಕಿನಲ್ಲೂ, ಹೆಚ್ಚಾಗುತ್ತವೆ. ಇವುಗಳ ವಿಧಾನ ಒರಟು. ಆರ್ಜಿನೇಸ್ ಎಂಬ ಕಿಣ್ವದಿಂದ ಸುತ್ತಲಿನ ಆರ್ಜಿನಿನ್ ಎಂಬ ಪೋಷಕಾಂಶ ಎಲ್ಲ ಮುಗಿಸುತ್ತವೆ, ಅದಿಲ್ಲದೆ ಟಿ ಕೋಶ ವಿಭಜನೆಯಾಗದು. ನೈಟ್ರಿಕ್ ಆಕ್ಸೈಡು, ಇತರ ಉರಿ ರಾಸಾಯನಿಕಗಳನ್ನು ಉಗುಳಿ, ಟಿ ಕೋಶ ಶತ್ರುವನ್ನು ಗುರುತಿಸುವ ಪ್ರೋಟೀನನ್ನೇ ಕೆಡಿಸುತ್ತವೆ. ನಿಮ್ಮ ಡಾಕ್ಟರು ಹೇಳಿದ ಅದುಮುವ ಕೋಶಗಳು ಅಂದ್ರೆ ಇವೆಲ್ಲ ಸೇರಿ.

ಹಾಗಾದರೆ ಒಬ್ಬರಿಗೆ ಹೆಚ್ಚಿಸಿ, ಇನ್ನೊಬ್ಬರಿಗೆ ತಗ್ಗಿಸಬಾರದಾ? ಮಳೆ ಜಾಸ್ತಿ ಆದರೆ ಒಳ್ಳೇದಾ ಅಂತ ಹಾವೇರಿ ಕಡೆಯ ಮೆಣಸಿನಕಾಯಿ ಬೆಳೆಗಾರರನ್ನು ಕೇಳಿ, "ಯಾವಾಗ?" ಅಂತಾರೆ. ಗಿಡ ಬೆಳೆಯುವಾಗ ಬೇಕು, ಬಿಡಿಸಿದ ಕಾಯಿ ಕಣದಲ್ಲಿ ಒಣಗುವಾಗ ಬಿದ್ದರೆ ವರ್ಷದ ದುಡಿಮೆಯೇ ಹೋಗುತ್ತದೆ. ಟಿ-ರೆಗ್ ವಿಷಯದಲ್ಲೂ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಅನ್ನೋದೇ ಎಲ್ಲ.

ಇಡೀ ದೇಹದಲ್ಲಿ ಒಮ್ಮೆಗೇ ಹೆಚ್ಚಿಸಲು ಹೋದದ್ದರ ಒಂದು ಭಯಂಕರ ಉದಾಹರಣೆ ಇದೆ. ಪ್ರಾಣಿಗಳಲ್ಲಿ ಟಿ-ರೆಗ್ ಹೆಚ್ಚಿಸುವ ಒಂದು ಔಷಧವನ್ನು, ಟಿಜಿಎನ್1412 ಅದರ ಹೆಸರು, 2006ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಆರು ಆರೋಗ್ಯವಂತ ಯುವಕರಿಗೆ ಕೊಟ್ಟರು. ಸಂಧಿವಾತದಂಥ ಕಾಯಿಲೆಗೆ ಉಪಯೋಗವಾಗಲಿ ಅನ್ನುವ ಉದ್ದೇಶ. ಇಲಿಗಳಲ್ಲಿ ಇದೇ ಬಗೆಯ ಔಷಧ ಶಾಂತಿ ತಂದಿತ್ತು, ಮನುಷ್ಯರಲ್ಲಿ ಇದು ದಾಳಿ ಕೋಶಗಳನ್ನೇ ಒಟ್ಟಿಗೆ ಎಬ್ಬಿಸಿತು. ಕೆಲವೇ ಗಂಟೆಗಳಲ್ಲಿ ಆರೂ ಜನ ಅಂಗಾಂಗ ವೈಫಲ್ಯದಿಂದ ಐಸಿಯು ಸೇರಿದರು. ಜೀವ ಉಳಿಯಿತು, ಒಬ್ಬರು ಬೆರಳುಗಳನ್ನು ಕಳೆದುಕೊಂಡರು. ಈಗ ಐಎಲ್-2ನ್ನು ಬಹಳ ಕಡಿಮೆ ಡೋಸಿನಲ್ಲಿ ಕೊಟ್ಟು, ಅದಕ್ಕೆ ಹೆಚ್ಚು ಹಸಿದಿರುವ ಟಿ-ರೆಗ್‌ಗೆ ಮಾತ್ರ ತಲುಪಿಸುವ ಪ್ರಯತ್ನ ದೇಹ ತನ್ನ ಮೇಲೆ ತಾನೇ ಬೀಳುವ ಲೂಪಸ್‌ನಂಥ ಕಾಯಿಲೆಗಳಲ್ಲಿ ನಡೆದಿದೆ. ರೋಗಿಯ ಟಿ-ರೆಗ್ ತೆಗೆದು, ಲ್ಯಾಬಿನಲ್ಲಿ ಬೆಳೆಸಿ ವಾಪಸ್ ಕೊಡುವ ಪ್ರಯೋಗಗಳೂ ನಡೆದಿವೆ. ಆಸೆ ಇಟ್ಟುಕೊಳ್ಳಬಹುದಾದ ಕೆಲಸ ಇದು, ಆದರೆ ನಿಮ್ಮ ತಂಗಿಯ ಚೀಟಿಯಲ್ಲಿ ಬರೆಯುವ ಮಟ್ಟಕ್ಕೆ ಬಂದಿಲ್ಲ.

ತಗ್ಗಿಸುವ ಕಡೆ ಔಷಧಗಳು ಬಂದಿವೆ. ಸಿಟಿಎಲ್ಎ-4 ತಡೆಯುವ ಇಪಿಲಿಮುಮಾಬ್‌ಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಚರ್ಮದ ಮೆಲನೋಮಾ ಕ್ಯಾನ್ಸರಿಗೆ. ಸುಮ್ಮನಿದ್ದ ಟಿ ಕೋಶಗಳು ಎದ್ದು ಗಡ್ಡೆಯ ಮೇಲೆ ಬಿದ್ದವು, ಜತೆಗೆ ಕೆಲವರಲ್ಲಿ ಕರುಳಿನ ಮೇಲೂ, ಥೈರಾಯ್ಡ್ ಮೇಲೂ, ಪಿಟ್ಯುಟರಿ ಮೇಲೂ ಬಿದ್ದವು. ಕ್ಯಾನ್ಸರ್ ಔಷಧದಿಂದ ಕೀಲುನೋವು ಬಂದು ಸಂಧಿವಾತದ ಡಾಕ್ಟರ ಹತ್ತಿರ ಹೋಗುವವರೂ ಇದ್ದಾರೆ. ನಿಮ್ಮ ಮನೆಯ ಎರಡು ಕಾಯಿಲೆಗಳ ನಡುವಿನ ದೂರ ಅಷ್ಟೇ ನೋಡಿ.

ಮಾವನವರ ಡಾಕ್ಟರ ಹತ್ತಿರ ಕೇಳಬೇಕಾದ ಒಂದು ವಿಷಯ ಹೇಳ್ತೀನಿ. ನಿವೊಲುಮಾಬ್ ಎಂಬ ಇಂಜೆಕ್ಷನ್ ಇದೆ. ಅದು ಟಿ-ರೆಗ್ ಮೇಲೆ ಗುರಿಯಿಟ್ಟದ್ದಲ್ಲ, ದಣಿದು ಕೂತ ಟಿ ಕೋಶಗಳ ಪಿಡಿ-1 ಎಂಬ ಪ್ರೋಟೀನನ್ನು ಮುಚ್ಚಿ ಅವನ್ನು ಮತ್ತೆ ಎಬ್ಬಿಸುವಂಥದ್ದು. ಪೂರ್ತಿ ಡೋಸಿನ ಖರ್ಚು ನಮ್ಮ ಜನರಿಗೆ ನಿಲುಕದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಸಾಮಾನ್ಯ ಡೋಸ್ ಎರಡು ವಾರಕ್ಕೆ 240. ತಲೆ-ಕುತ್ತಿಗೆ ಕ್ಯಾನ್ಸರ್ ಮರಳಿ ಬಂದು, ಪೂರ್ತಿ ಗುಣವಾಗುವ ಆಸೆ ಇಲ್ಲದ ರೋಗಿಗಳು ಅವರು. ಕ್ಯಾನ್ಸರಿಗೆ ಅಂತ ಕೊಟ್ಟ ಮಾತ್ರೆಗಳಷ್ಟೇ ಪಡೆದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 16.3, ಜತೆಗೆ ಈ ಸಣ್ಣ ಡೋಸ್ ಪಡೆದವರಲ್ಲಿ 43.4. ಆ ಮಾತ್ರೆಗಳಲ್ಲಿ ಒಂದು ಯಾವುದು ಗೊತ್ತಾ? ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್. ನಿಮ್ಮ ತಂಗಿಯದೇ. ಮಾವನವರಿಗೆ ಇದು ಹೊಂದುತ್ತದೋ ಇಲ್ಲವೋ ಅವರ ಡಾಕ್ಟರೇ ಹೇಳಬೇಕು, ಗಡ್ಡೆ ಎಲ್ಲಿದೆ, ಮತ್ತೆ ಆಪರೇಷನ್ ಅಥವಾ ರೇಡಿಯೇಷನ್ ಆಗುತ್ತದೋ ಎಲ್ಲ ನೋಡಬೇಕು. ಆದರೆ ನೀವಾಗಿ ಕೇಳಿ, ಸಂಕೋಚ ಬೇಡ.

ಊಟದ ಬಗ್ಗೆಯೂ ಒಂದು ಮಾತು. ನಾರಿನ ಅಂಶವನ್ನು ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿದಾಗ ಬರುವ ಬ್ಯೂಟಿರೇಟ್ ಕರುಳಿನಲ್ಲಿ ಟಿ-ರೆಗ್ ಹೆಚ್ಚಿಸುತ್ತದೆ ಅಂತ 2013ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಜೋಳದ ರೊಟ್ಟಿ, ಕಾಳುಪಲ್ಲೆ, ಹಸಿ ಮೆಂತ್ಯೆ, ಗಜ್ಜರಿ ತಂಗಿ ಧಾರಾಳವಾಗಿ ತಿನ್ನಲಿ. ಅದರಿಂದ ಸಂಧಿವಾತ ವಾಸಿಯಾಗುತ್ತದೆ ಅಂತ ನಾನು ಹೇಳ್ತಿಲ್ಲ. ಮಾವನವರಿಗೆ ಇದರಿಂದ ಟಿ-ರೆಗ್ ಹೆಚ್ಚಿ ತೊಂದರೆಯಾದೀತು ಅಂತ ಹೆದರಿ ಊಟ ಕಡಿಮೆ ಮಾಡಬೇಡಿ. ಬಾಯಿ ಕ್ಯಾನ್ಸರಿನವರಿಗೆ ತೂಕ ಇಳಿಯುವುದೇ ದೊಡ್ಡ ಶತ್ರು. ನುಂಗೋಕೆ ಆಗದಿದ್ದರೆ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಕಟ್ಟಿನಲ್ಲೋ ನೆನೆಸಿ ಕಿವುಚಿ ಕೊಡಿ, ಖಾರ ಬಿಡಿ. ಗುಟ್ಕಾ ಇನ್ನೂ ಕದ್ದುಮುಚ್ಚಿ ನಡೆದಿದ್ದರೆ ಅದು ಇವತ್ತೇ ನಿಲ್ಲಲಿ, ಕ್ಯಾನ್ಸರ್ ಮರಳಿ ಬಂದ ಮೇಲೂ ಬಿಟ್ಟರೆ ಲಾಭ ಇದೆ.

ಕೊನೆಗೆ ರಕ್ತದ ಟೆಸ್ಟ್. ಫ್ಲೋ ಸೈಟೊಮೆಟ್ರಿ ಎಂಬ ಯಂತ್ರದಲ್ಲಿ ಟಿ-ರೆಗ್ ಎಣಿಸಬಹುದು, ರಕ್ತದ ಕ್ಯಾನ್ಸರ್ ಪತ್ತೆಗೆ ಬಳಸುವ ಯಂತ್ರವೇ ಅದು. ಆದರೆ ದುಡ್ಡು ಕೊಟ್ಟು ಮಾಡಿಸಬೇಡಿ. ರಕ್ತದ ಲೆಕ್ಕ ಕೀಲಿನ ಒಳಗಿನದನ್ನೂ ಹೇಳಲ್ಲ, ಗಡ್ಡೆಯ ಒಳಗಿನದನ್ನೂ ಹೇಳಲ್ಲ, ಆ ಸಂಖ್ಯೆ ನೋಡಿ ಯಾವ ಡಾಕ್ಟರೂ ಔಷಧ ಬದಲಿಸುವುದಿಲ್ಲ. 'ಇಮ್ಯೂನಿಟಿ ಪ್ರೊಫೈಲ್' ಅಂತ ಪ್ಯಾಕೇಜ್ ಮಾರುವವರಿಗೂ ಇದೇ ಮಾತು. ಆ ದುಡ್ಡಿನಲ್ಲಿ ತಂಗಿಗೆ ಲಿವರ್ ಟೆಸ್ಟ್, ರಕ್ತಕಣಗಳ ಎಣಿಕೆ, ಉರಿಯೂತ ಎಷ್ಟಿದೆ ಅಂತ ಹೇಳುವ ಇಎಸ್ಆರ್, ಸಿಆರ್‌ಪಿ ಮಾಡಿಸಿ, ರಿಪೋರ್ಟ್ ಹಿಡಿದು ಅವಳ ಡಾಕ್ಟರ ಹತ್ತಿರ ಹೋಗಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಯಾವಾಗ ಹಾಕಿಸಬೇಕು ಅಂತಲೂ ಆವಾಗಲೇ ಕೇಳಿ.